ಫ್ರಾಂಕೋನಿಯಾದ ಸುಣ್ಣಕಲ್ಲಿನ ಗುಡ್ಡಗಳು: ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ನಾನಿರುವ ಎರ್ಲಾಂಗನ್ ಊರಿನ ಹತ್ತಿರದ ಸುಣ್ಣಕಲ್ಲಿನ ಗುಡ್ಡಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಜರ್ಮನಿಯ ಬವೇರಿಯಾದ ಫ್ರಾಂಕೋನಿಯಾ ಭಾಗದಲ್ಲಿ ನ್ಯೂರೆಂಬರ್ಗ್, ಬಾಂಬೆರ್ಗ್, ಬೈರಾಯ್ಟ್ ಈ ಮೂರು ಊರುಗಳ ನಡುವಿನ ಸೀಮೆ ಅದು. ನಡೆಯುವವರು ಅದನ್ನು ಫ್ರೆಂಕಿಷೆ ಶ್ವೈಟ್ಸ್ ಅನ್ನುತ್ತಾರೆ. ಬಂಡೆ ಹತ್ತುವವರು ನ್ಯೂರೆಂಬರ್ಗಿನ ಪೂರ್ವಕ್ಕಿರುವ ಗುಡ್ಡಗಳನ್ನೂ ಸೇರಿಸಿಕೊಂಡು ಫ್ರಾಂಕನ್‌ಯುರಾ ಅನ್ನುತ್ತಾರೆ. ಆ ನಾಲ್ಕು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂತ ಎಣಿಸಿರಲಿಲ್ಲ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಮೇಡಂ, ನಮ್ಮ ಮುಳ್ಳಯ್ಯನಗಿರಿ ಹತ್ತಿರ ಹತ್ತಿರ 2,000 ಮೀಟರ್. ನೀವು ಹೊಗಳುವ ಗುಡ್ಡಗಳು 600 ಮೀಟರ್ ಆಸುಪಾಸು. ಇದನ್ನು ನೋಡೋಕೆ ವಿಮಾನ ಹತ್ತಬೇಕಾ?
*— ಚಿಕ್ಕಮಗಳೂರಿನ ಓದುಗರು*

ಎತ್ತರ ನೋಡೋಕೇ ಆದರೆ ಖಂಡಿತ ಬೇಡ. ಅಲ್ಲೇ ಆರಾಮಾಗಿ ಕಾಫಿ ಕುಡಿಯಿರಿ.

ಇಲ್ಲಿ ಶಿಖರ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಮೇಲೆ ಹೊಲ, ಹಳ್ಳಿ, ಕಾಡು ಇರುವ ಬಯಲು. ಅದನ್ನು ವೀಜೆಂಟ್, ಟ್ರೂಬಾಖ್, ಪೆಗ್ನಿಟ್ಸ್ ಥರದ ನದಿಗಳು ಕೊರೆದು ಕಣಿವೆ ಮಾಡಿವೆ. ಕಣಿವೆಯ ಇಳಿಜಾರಿನಲ್ಲಿ, ಬೀಚ್ ಅನ್ನುವ ಜಾತಿಯ ಕಾಡುಮರಗಳ ನಡುವೆ, ಬೂದುಬಣ್ಣದ ಬಂಡೆಗಳು ಎದ್ದು ನಿಂತಿವೆ. ಹೆಚ್ಚಿನವು ಹತ್ತರಿಂದ ಮೂವತ್ತು ಮೀಟರ್ ಅಷ್ಟೇ. ಅಂಥ ಬಂಡೆಗಳು ಸಾವಿರಕ್ಕೂ ಜಾಸ್ತಿ ಇವೆ. ಜರ್ಮನ್ ಕ್ಲೈಂಬರ್ ವೋಲ್ಫ್‌ಗಾಂಗ್ ಗುಲ್ಲಿಶ್ 1991ರಲ್ಲಿ ಮೊದಲ ಸಲ ಹತ್ತಿದ ‘ಆಕ್ಸಿಯೋಂ ಡೈರೆಕ್ಟ್’ ಅನ್ನುವ ದಾರಿ ಇರುವುದು ಇಲ್ಲೇ, ವಾಲ್ಡ್‌ಕೋಫ್ ಬಂಡೆಯಲ್ಲಿ. ಒಂದೆರಡು ಬೆರಳಷ್ಟೇ ಹಿಡಿಸುವ ತೂತುಗಳಿಗೆ ಜಿಗಿದು ನೇತಾಡುತ್ತಾ ಹೋಗಬೇಕು. ಆಗ ಅದು ಪ್ರಪಂಚದ ಅತಿ ಕಷ್ಟದ ದಾರಿ. ಇವತ್ತಿಗೂ ಅದನ್ನು ಹತ್ತಿದವರು ಕೆಲವರೇ. ಎತ್ತರ ಎಷ್ಟು ಅಂತೀರಿ? ಸುಮಾರು ಹದಿನೈದು ಮೀಟರ್. ನಿಮ್ಮೂರಿನ ತೆಂಗಿನಮರ ಅದಕ್ಕಿಂತ ಎತ್ತರ ಇರಬಹುದು ಸರ್.

ಮಗ ಎರ್ಲಾಂಗನ್‌ನಲ್ಲಿದ್ದಾನೆ. ಮೇ ತಿಂಗಳಲ್ಲಿ ನಾವಿಬ್ಬರೂ ಬರುತ್ತಿದ್ದೇವೆ. ನನಗೆ 66, ಮನೆಯವರಿಗೆ ಮಂಡಿನೋವು. ಅವನು ಶನಿವಾರ ಬಂದರೆ ‘ಅಮ್ಮ, ಬೆಟ್ಟಕ್ಕೆ ಹೋಗೋಣ’ ಅಂತಾನೆ. ನಮ್ಮಂಥವರಿಗೆ ಆಗುವ ದಾರಿ ಹೇಳಿ.
*— ಮೈಸೂರಿನ ಓದುಗರು*

ನಿಮಗೆಂದೇ ಮಾಡಿಟ್ಟಂಥ ಗುಡ್ಡ ವಾಲ್ಬೆರ್ಲಾ. ಫೋರ್ಖೈಮ್‌ನಲ್ಲಿ ಎಬರ್ಮಾನ್‌ಸ್ಟಾಟ್ ಕಡೆಯ ಸಣ್ಣ ರೈಲು ಹತ್ತಿ, ಕಿರ್ಶ್‌ಏರೆನ್‌ಬಾಖ್‌ನಲ್ಲಿ ಇಳಿಯಿರಿ. ಇಳಿದ ಕೂಡಲೇ ಗುಡ್ಡ ಎದುರಿಗೇ ಕಾಣುತ್ತದೆ. ಮೇಲಿನ ಎತ್ತರ 512 ಮೀಟರ್. ನೀವು ಹತ್ತಬೇಕಾದ ಏರು 200 ಮೀಟರಿಗಿಂತ ಸ್ವಲ್ಪ ಜಾಸ್ತಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಇದು ದೊಡ್ಡ ಮಾತಲ್ಲ, ಆದರೆ ಇಲ್ಲಿ ಮೆಟ್ಟಿಲಿಲ್ಲ, ಮಣ್ಣುದಾರಿ. ಮೇಲೆ ಚಪ್ಪಟೆ ಹುಲ್ಲುಗಾವಲು, ಸಂತ ವಾಲ್ಬುರ್ಗಾಳ ಪುಟ್ಟ ಚಾಪೆಲ್ಲು, ಅಂಚಿನಲ್ಲಿ ಬಂಡೆ. ಕ್ರಿಸ್ತಪೂರ್ವ ಕಾಲದಲ್ಲಿ ಕೆಲ್ಟರು ಅನ್ನುವ ಜನಾಂಗದವರು ಇಲ್ಲಿ ಕೋಟೆ ಕಟ್ಟಿಕೊಂಡು ಇದ್ದರು. ಪಕ್ಕದ ರೋಡನ್‌ಸ್ಟೈನ್ ತುದಿ ಇನ್ನೂ ಇಪ್ಪತ್ತು ಮೀಟರ್ ಎತ್ತರ. ಮಗ ಅಲ್ಲಿಗೆ ಹೋಗಿ ಬರಲಿ, ನೀವು ಚಾಪೆಲ್ಲಿನ ಹತ್ತಿರ ಕೂತಿರಿ.

ಒಂದು ಎಚ್ಚರಿಕೆ. ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ ಅಲ್ಲಿ ಜಾತ್ರೆ. ಗುಡ್ಡದ ಮೇಲೆ ಬಿಯರ್, ಬ್ಯಾಂಡು, ಜನವೋ ಜನ. ಅದು ಬೇಕಿದ್ದರೆ ಹೋಗಿ. ನೆಮ್ಮದಿ ಬೇಕಿದ್ದರೆ ಒಂದು ವಾರ ಬಿಟ್ಟು ಹೋಗಿ. ಏಪ್ರಿಲ್ ಕೊನೆಗೇ ಬರೋಕಾದರೆ ಇನ್ನೂ ಒಳ್ಳೆಯದು. ಗುಡ್ಡದ ಕೆಳಗೆಲ್ಲ ಚೆರ್ರಿ ತೋಟ. ಆಗ ಹೂ ಬಿಟ್ಟಿರುತ್ತದೆ.

ಎರಡನೆಯದು, ಇನ್ನೊಂದು ಶನಿವಾರಕ್ಕೆ: ಎಬರ್ಮಾನ್‌ಸ್ಟಾಟ್‌ನಿಂದ ಬಸ್ಸಿನಲ್ಲಿ ಮುಗ್ಗೆನ್‌ಡೋರ್ಫ್. ಊರಿನ ಮೇಲೆ ಸ್ವಲ್ಪ ಹತ್ತಿದರೆ ಓಸ್ವಾಲ್ಡ್ ಗುಹೆ. ಈ ಕಡೆಯಿಂದ ಹೊಕ್ಕು ಆ ಕಡೆ ಬರಬಹುದು. ಅರವತ್ತು ಮೀಟರ್ ಚಿಲ್ಲರೆ ಉದ್ದ. ನಡುವೆ ಕತ್ತಲು. ನೆಲ ಒದ್ದೆ ಜೇಡಿ. ನಾಲ್ಕು ಹೆಜ್ಜೆ ಸರಿ ಇರುತ್ತದೆ, ಐದನೆಯದು ಜಾರುತ್ತದೆ. ಸೂರು ಒಂದೆಡೆ ತಗ್ಗುತ್ತದೆ. ಎಲ್ಲರೂ ನೆಲ ನೋಡುತ್ತಾ ನಡೆಯುವುದರಿಂದ ತಲೆ ಹೊಡೆಸಿಕೊಳ್ಳುವುದು ಅಲ್ಲೇ. ಫೋನಿನ ಬೆಳಕು ಸಾಲದು, ಒಂದು ಟಾರ್ಚ್ ತನ್ನಿ. ಮಂಡಿನೋವಿನವರು ಗುಹೆ ಬಿಟ್ಟು ಹೊರಗಿನ ಕಾಡುದಾರಿಯಲ್ಲೇ ಬರಲಿ. ಅಲ್ಲಿಂದ ಮುಂದೆ ಕ್ವಾಕೆನ್‌ಶ್ಲೋಸ್ ಅನ್ನುವ ತೂತುಬಿದ್ದ ಬಂಡೆ, ಆಮೇಲೆ ಆಡ್ಲರ್‌ಸ್ಟೈನ್. ಆಡ್ಲರ್‌ಸ್ಟೈನ್ ಮೇಲೆ ಹತ್ತಿದರೆ ಸೀಮೆ ಪೂರ್ತಿ ಕಾಣುತ್ತದೆ.

ನಡೆಯೋದೇ ಬೇಡ ಅನ್ನಿಸಿದ ದಿನಕ್ಕೂ ಒಂದಿದೆ. ಎಬರ್ಮಾನ್‌ಸ್ಟಾಟ್‌ನಿಂದ ಬೆಹ್ರಿಂಗರ್ಸ್‌ಮ್ಯೂಲೆವರೆಗೆ 16 ಕಿಲೋಮೀಟರ್ ಹಳೇ ಕಾಲದ ರೈಲು ಓಡುತ್ತದೆ. ಹೆಚ್ಚಾಗಿ ಬೇಸಿಗೆಯ ಭಾನುವಾರಗಳಲ್ಲಿ. ಕಣಿವೆಯ ಬಂಡೆಗಳನ್ನೆಲ್ಲ ಕಿಟಕಿಯಿಂದಲೇ ನೋಡಬಹುದು. ಕೊನೆಯ ನಿಲ್ದಾಣದ ಮೇಲ್ಗಡೆ ಗ್ಯೋಸ್‌ವೈನ್‌ಸ್ಟೈನ್. ಅಲ್ಲಿಯ ಬಸಿಲಿಕಾ ಚರ್ಚು ವಾಸ್ತುಶಿಲ್ಪಿ ಬಾಲ್ತಸಾರ್ ನಾಯ್ಮನ್ ಕಟ್ಟಿದ್ದು, 1739ರಲ್ಲಿ ಮುಗಿದದ್ದು. ಯಾತ್ರಿಕರು ಹಾಡು ಹೇಳಿಕೊಂಡು ನಡೆದೇ ಬರುತ್ತಾರೆ. ನಿಮಗೆ ಇಷ್ಟವಾಗುತ್ತದೆ.

ರಾಮನಗರ, ಬಾದಾಮಿಯಲ್ಲಿ ಕ್ಲೈಂಬಿಂಗ್ ಮಾಡ್ತೀನಿ. ಫ್ರೆಂಚ್ ಗ್ರೇಡಿನಲ್ಲಿ 6ಎ ಆರಾಮಾಗಿ ಲೀಡ್ ಮಾಡ್ತೀನಿ. ಆಗಸ್ಟ್‌ನಲ್ಲಿ ಆಫೀಸಿನ ಕೆಲಸಕ್ಕೆ ನ್ಯೂರೆಂಬರ್ಗ್‌ಗೆ ಬರ್ತಿದೀನಿ. ಏನು ತರಬೇಕು, ಎಷ್ಟು ಕಷ್ಟದ ದಾರಿ ಹತ್ತಬಹುದು?
*— ಬೆಂಗಳೂರಿನ ಓದುಗರು*

ಮೊದಲ ದಿನ ನಿಮ್ಮ ಗ್ರೇಡನ್ನು ಮನೆಯಲ್ಲೇ ಬಿಟ್ಟು ಬನ್ನಿ.

ರಾಮನಗರದ ಗ್ರಾನೈಟಿನಲ್ಲಿ ನೀವು ಪಾದ ನಂಬಿ ಹತ್ತುತ್ತೀರಿ. ಶೂ ಒತ್ತಿದರೆ ಕಲ್ಲು ಹಿಡಿಯುತ್ತದೆ. ಬಾದಾಮಿಯ ಮರಳುಗಲ್ಲಿನಲ್ಲಿ ಅಡ್ಡಡ್ಡ ಅಂಚು ಸಿಗುತ್ತದೆ. ಇಲ್ಲಿ ಎರಡೂ ಇಲ್ಲ. ಕಲ್ಲಿನ ಮೈ ತುಂಬ ತೂತು, ಸೆಟ್ ದೋಸೆಯ ಮೇಲಿದ್ದ ಹಾಗೆ. ಕೆಳಗಿನಿಂದ ನೋಡಿದರೆ ಎಲ್ಲವೂ ಒಳ್ಳೇ ಹಿಡಿತ ಅನ್ನಿಸುತ್ತವೆ. ಬೆರಳು ಹಾಕಿದಾಗ ಗೊತ್ತಾಗೋದು: ಒಂದು ಆಳವಾಗಿದೆ, ಒಳಗೆ ತುಟಿಯಂಥ ಅಂಚಿದೆ, ಜೀವ ಬಂದಂತಾಗುತ್ತದೆ. ಪಕ್ಕದ್ದು ನೋಡೋಕೆ ಹಾಗೇ ಇದೆ, ಆದರೆ ಒಳಗೆ ಇಳಿಜಾರು, ತೋರುಬೆರಳು ಮಧ್ಯದ ಬೆರಳು ಮೊದಲ ಗಿಣ್ಣಿನವರೆಗೆ ಹೋಗಿ ನಿಲ್ಲುತ್ತವೆ. ಮೂರನೆಯದರಲ್ಲಿ ನಿನ್ನೆಯ ಮಳೆ ನೀರು ಇನ್ನೂ ಇದೆ, ಜೊತೆಗೆ ಕೊಳೆತ ಎಲೆ. ಯಾವ ತೂತಿಗೆ ಯಾವ ಬೆರಳು ಅಂತ ಮೈಗೆ ಗೊತ್ತಾಗಲು ಸಮಯ ಬೇಕು. ಮೈ, ಬೆರಳು ಬಿಸಿ ಮಾಡಿಕೊಳ್ಳದೆ ಎರಡು ಬೆರಳಿನ ತೂತಿಗೆ ನೇತು ಬಿದ್ದರೆ ಬೆರಳಿನ ಒಳಗಿನ ಕಟ್ಟು ಹರಿಯಬಹುದು. ಇಲ್ಲಿಯ ಡಾಕ್ಟರರಿಗೆ ಅದು ದಿನನಿತ್ಯದ ಕೇಸು.

ಗ್ರೇಡಿನ ಲೆಕ್ಕವೂ ಬೇರೆ. ಇಲ್ಲಿ ಯುಐಎಎ, ಅಂದರೆ ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ ಅಂಕಿ ಬಳಸುತ್ತಾರೆ. ನಿಮ್ಮ 6ಎ ಅಂದರೆ ಹೆಚ್ಚುಕಡಿಮೆ 6+. 7ಎ ಅಂದರೆ 8ರ ಆಸುಪಾಸು. ಮೊದಲ ದಿನ 5ರಲ್ಲಿ ಶುರು ಮಾಡಿ. ಹಳೇ 5, 6ರ ದಾರಿಗಳಲ್ಲಿ ಬಂಡೆಗೆ ಕೂರಿಸಿದ ಬೋಲ್ಟುಗಳ ನಡುವಿನ ಅಂತರ ಜಾಸ್ತಿ. ಮೊದಲ ಬೋಲ್ಟ್ ಎಷ್ಟೋ ಕಡೆ ತಲೆಯಿಂದ ಬಹಳ ಮೇಲಿರುತ್ತದೆ. ಇಲ್ಲಿಯವರು ಉದ್ದ ಕಡ್ಡಿಯಿಂದ ಅದಕ್ಕೆ ಹಗ್ಗ ಸಿಕ್ಕಿಸುತ್ತಾರೆ, ನಾಚಿಕೆ ಪಡುವುದಿಲ್ಲ. ನೀವೂ ಪಡಬೇಡಿ. ಬೋಲ್ಟ್ ಮಾತ್ರ ಗಟ್ಟಿ. ಅಂಟು ಹಾಕಿ ಕೂರಿಸಿದ ದಪ್ಪ ಉಕ್ಕಿನ ಬ್ಯೂಲರ್ ಹಾಕೆನ್ ನೋಡಿದರೆ ಧೈರ್ಯ ಬರುತ್ತದೆ. ಆ ಹೆಸರು ನ್ಯೂರೆಂಬರ್ಗಿನ ಓಸ್ಕರ್ ಬ್ಯೂಲರ್ ಅವರದ್ದು.

ಸಾಮಾನು: 60 ಮೀಟರ್ ಹಗ್ಗ ಸಾಕು, ಹನ್ನೆರಡು ಕ್ವಿಕ್‌ಡ್ರಾ (ಬೋಲ್ಟಿಗೆ ಹಗ್ಗ ಸಿಕ್ಕಿಸುವ ಜೋಡಿ ಕೊಂಡಿ), ಒಂದಷ್ಟು ಸ್ಲಿಂಗು (ಗಟ್ಟಿ ಪಟ್ಟಿಯ ಕುಣಿಕೆ), ಹೆಲ್ಮೆಟ್. ತೂತಿನ ಪಕ್ಕದಲ್ಲೇ ಮರಳುಗಡಿಯಾರದ ಆಕಾರದ ಕಲ್ಲಿನ ಕಂಬಗಳು ಇರುತ್ತವೆ. ಅದಕ್ಕೆ ಸ್ಲಿಂಗ್ ಸುತ್ತಿ ರಕ್ಷಣೆ ಮಾಡಿಕೊಳ್ಳೋದು ಇಲ್ಲಿಯ ಹಳೇ ಪದ್ಧತಿ.

ದೂರದ ಬೆಟ್ಟ ನುಣ್ಣಗೆ ಅಂತೀವಲ್ಲ, ಇಲ್ಲಿ ಹತ್ತಿರದ್ದೂ ನುಣ್ಣಗೇ. ಪಾರ್ಕಿಂಗಿಗೆ ಹತ್ತಿರದ, ಸುಲಭದ, ಹೆಸರಾದ ದಾರಿಗಳ ಕಾಲಿಡುವ ಜಾಗಗಳು ಗಾಜಿನಂತಾಗಿವೆ. ಇಪ್ಪತ್ತು ನಿಮಿಷ ನಡೆಯಬೇಕಾದ ಬಂಡೆ ಆರಿಸಿಕೊಳ್ಳಿ. ಕಲ್ಲೂ ಒರಟು, ಜನವೂ ಕಡಿಮೆ.

ಹಕ್ಕಿಗಳ ವಿಷಯ ನಿಮಗೆ ಹೊಸದಲ್ಲ. ರಾಮದೇವರ ಬೆಟ್ಟವನ್ನು ರಣಹದ್ದುಗಳಿಗೆ ಬಿಟ್ಟುಕೊಟ್ಟದ್ದನ್ನು ನೋಡಿದ್ದೀರಿ. ಇಲ್ಲಿ ಪೆರೆಗ್ರಿನ್ ಡೇಗೆ ಮತ್ತು ಈಗಲ್ ಔಲ್ ಅನ್ನುವ ದೊಡ್ಡ ಗೂಬೆ ಬಂಡೆಯ ಗೂಡಿನಲ್ಲಿ ಮೊಟ್ಟೆ ಇಡುತ್ತವೆ. ಚಳಿಗಾಲದ ಕೊನೆಯಿಂದ ಬೇಸಿಗೆಯ ನಡುವಿನ ತನಕ ಅಂಥ ಬಂಡೆಗಳು ಬಂದ್. ಆಗಸ್ಟ್ ಹೊತ್ತಿಗೆ ಸಾಮಾನ್ಯವಾಗಿ ತೆರೆದಿರುತ್ತವೆ. ಇದಲ್ಲದೆ ಬಂಡೆಗಳನ್ನು ಮೂರು ವಲಯ ಮಾಡಿದ್ದಾರೆ. ಒಂದನೆಯದರಲ್ಲಿ ಹತ್ತುವಂತಿಲ್ಲ. ಎರಡನೆಯದರಲ್ಲಿ ಈಗಿರುವ ದಾರಿ ಮಾತ್ರ. ಮೂರನೆಯದರಲ್ಲಿ ಹೊಸ ದಾರಿಗೂ ಅವಕಾಶ. ಬುಡದಲ್ಲಿ ಸಣ್ಣ ಫಲಕ ಇರುತ್ತದೆ, ಓದಿ. ಎಷ್ಟೋ ಕಡೆ ಹಗ್ಗ ಹಾಕಿ ಇಳಿಯುವ ಕೊನೆಯ ಉಂಗುರ ಬಂಡೆಯ ತಲೆಗಿಂತ ಸ್ವಲ್ಪ ಕೆಳಗೇ ಇರುತ್ತದೆ. ಬೇಕಂತಲೇ ಹಾಗೆ ಹಾಕಿದ್ದಾರೆ. ಮೇಲೆ ಅಪರೂಪದ ಗಿಡ ಬೆಳೆಯುತ್ತವೆ, ತುಳಿಯಬಾರದು ಅಂತ. ‘ಮೇಲೆ ಹೋಗಿ ಒಂದು ಫೋಟೋ’ ಅಂತ ಹೋಗಬೇಡಿ.

ಅಕ್ಕ, ನಾನು ನ್ಯೂರೆಂಬರ್ಗಲ್ಲಿ ಎಂಎಸ್ ಮಾಡ್ತಿದ್ದೀನಿ. ಫ್ರೆಂಡ್ಸೆಲ್ಲ ಭಾನುವಾರ ಹ್ಯೋಹೆನ್‌ಗ್ಲುಕ್‌ಸ್ಟೈಗ್ ಅನ್ನುವ ಬಂಡೆದಾರಿಗೆ ಹೋಗೋಣ ಅಂತಿದ್ದಾರೆ. ಕಬ್ಬಿಣದ ಹಗ್ಗ ಉದ್ದಕ್ಕೂ ಇದೆಯಂತೆ, ಹಿಡಿದುಕೊಂಡು ಹೋದರಾಯ್ತಂತೆ. ಸೊಂಟದ ಹಾರ್ನೆಸ್ಸಿಗೆ ಒಂದು ಹಗ್ಗ, ಎರಡು ಕ್ಯಾರಬಿನರ್ ಕೊಂಡಿ ಕಟ್ಟಿಕೊಂಡರೆ ಸಾಕಾ?
*— ದಾವಣಗೆರೆಯ ಹುಡುಗ*

ಸಾಲದು ತಮ್ಮಾ. ಖಂಡಿತ ಸಾಲದು.

ಕಬ್ಬಿಣದ ಹಗ್ಗ ಮೇಲಕ್ಕೆ ಏರುತ್ತಾ ಹೋಗುತ್ತದೆ. ಮೂರು ನಾಲ್ಕು ಮೀಟರಿಗೊಂದು ಮೊಳೆಗೆ ಅದನ್ನು ಬಿಗಿದಿರುತ್ತಾರೆ. ನೀನು ಕೈ ಬಿಟ್ಟರೆ ಕೆಳಗಿನ ಮೊಳೆಯ ತನಕ ಬೀಳುತ್ತೀಯ, ಆಮೇಲೆ ಗಕ್ಕನೆ ನಿಲ್ಲುತ್ತೀಯ. ಉದ್ದದ ಕ್ಲೈಂಬಿಂಗ್ ಹಗ್ಗವಾದರೆ ಹಿಗ್ಗಿ ಆ ಪೆಟ್ಟನ್ನು ತಾನು ನುಂಗುತ್ತದೆ. ಸುಮ್ನೆ ಕಟ್ಟಿದ ತುಂಡು ಹಗ್ಗವಾಗಲಿ ಸ್ಲಿಂಗಾಗಲಿ ಅಷ್ಟು ಹಿಗ್ಗುವುದಿಲ್ಲ. ಪೂರ್ತಿ ಪೆಟ್ಟು ಸ್ಲಿಂಗಿಗೆ, ಕ್ಯಾರಬಿನರಿಗೆ, ನಿನ್ನ ಬೆನ್ನುಮೂಳೆಗೆ. ಏನಾದರೂ ಒಂದು ಮುರಿಯಲೇಬೇಕು. ಅದಕ್ಕೇ ಕಬ್ಬಿಣದ ಹಗ್ಗದ ಇಂಥ ದಾರಿಗೆಂದೇ ಕ್ಲೆಟರ್‌ಸ್ಟೈಗ್ ಸೆಟ್ ಅಂತ ಬರುತ್ತದೆ. ಎರಡು ಕೈಯಂಥ ಪಟ್ಟಿ, ನಡುವೆ ಒಂದು ಪುಟ್ಟ ಚೀಲ. ಚೀಲದೊಳಗೆ ಮಡಚಿ ಹೊಲಿದ ಪಟ್ಟಿ. ಬಿದ್ದರೆ ಆ ಹೊಲಿಗೆ ಪಟಪಟ ಬಿಚ್ಚಿಕೊಂಡು ಪೆಟ್ಟು ತಗ್ಗಿಸುತ್ತದೆ. ಒಂದು ಸಲ ಬಿಚ್ಚಿದರೆ ಆ ಸೆಟ್ ಕಸಕ್ಕೆ. ಈಗಿನ ಸೆಟ್ಟುಗಳು 40ರಿಂದ 120 ಕಿಲೋ ತೂಕದವರಿಗೆ ಅಂತ ಮಾಡಿದವು. ಕೊಳ್ಳೋಕೆ ದುಡ್ಡಿಲ್ಲ ಅಂದ್ರೆ ಜರ್ಮನ್ ಆಲ್ಪೈನ್ ಸಂಘದ ಶಾಖೆಗಳಲ್ಲಿ ಬಾಡಿಗೆಗೆ ಸಿಗುತ್ತಾ ಅಂತ ಕೇಳು. ನಮ್ಮ ಹುಡುಗರು ಫೋನಿಗೆ ಹಾಕುವ ದುಡ್ಡು ನೋಡಿದರೆ, ಕೊಂಡರೂ ತಪ್ಪಿಲ್ಲ.

ಕ್ಲಿಪ್ ಬದಲಿಸುವಾಗ ಒಂದೊಂದೇ ಬದಲಿಸು. ಒಂದು ಕೈ ಯಾವಾಗಲೂ ಹಗ್ಗದಲ್ಲಿರಲಿ. ನಿನ್ನ ಮುಂದಿರುವವನು ಮೊಳೆ ದಾಟುವ ತನಕ ಅದೇ ತುಂಡಿಗೆ ನೀನು ಕ್ಲಿಪ್ ಹಾಕಬೇಡ. ಅವನು ಬಿದ್ದರೆ ನಿನ್ನ ತಲೆ ಮೇಲೆ ಬೀಳುತ್ತಾನೆ.

ಈ ದಾರಿ ಇರುವುದು ಹಿರ್ಷ್‌ಬಾಖ್ ಕಣಿವೆಯಲ್ಲಿ. ಮೂರು ಭಾಗ. ನಡುವೆ ಕಾಡುದಾರಿ ಇದೆ. ಮೊದಲ ಭಾಗ ಮುಗಿಸಿದಾಗ ಮುಂಗೈ ಉಬ್ಬಿಕೊಂಡು ಬೆರಳು ಮುಚ್ಚೋಕೆ ಬರದಿದ್ದರೆ ಅಲ್ಲಿಂದಲೇ ವಾಪಸ್ ಹೊರಡು. ಅದೇ ಕಣಿವೆಯಲ್ಲಿ ನೋರಿಸ್‌ಸ್ಟೈಗ್ ಅಂತ ಇನ್ನೊಂದಿದೆ, ಇದಕ್ಕಿಂತ ಸುಲಭ. ಆದರೆ ಅಲ್ಲಿ ಕೆಲವು ಕಡೆ ಕಬ್ಬಿಣದ ಹಗ್ಗವೇ ಇಲ್ಲ. ಮೊದಲ ಸಲಕ್ಕೆ ಎರಡರಲ್ಲಿ ಯಾವುದಕ್ಕೇ ಹೋದರೂ ಗೊತ್ತಿರುವವರ ಜೊತೆ ಹೋಗು. ಭಾನುವಾರ ಬೇಡ, ಸಾಲು ನಿಲ್ಲಬೇಕಾಗುತ್ತದೆ. ಹಿಂದಿನವರು ಅವಸರ ಮಾಡುತ್ತಾರೆ, ಆಗಲೇ ಕ್ಲಿಪ್ ತಪ್ಪೋದು.

ಕುರ್ಟ್ ಆಲ್ಬರ್ಟ್ ಹೆಸರು ಕೇಳಿದ್ದೀಯಾ? ಗಣಿತ, ಭೌತಶಾಸ್ತ್ರದ ಮೇಷ್ಟ್ರು. 1970ರ ದಶಕದಲ್ಲಿ ಎಲ್ಲರೂ ಬಂಡೆಗೆ ಹೊಡೆದ ಮೊಳೆಗಳನ್ನೇ ಹಿಡಿದು ಮೇಲೇರುತ್ತಿದ್ದರು. ಇವರು ಮೊಳೆ ಮುಟ್ಟದೆ, ಕಲ್ಲನ್ನು ಮಾತ್ರ ಹಿಡಿದು, ಬೀಳದೆ ಹತ್ತಿದ ದಾರಿಯ ಬುಡದಲ್ಲಿ ಕೆಂಪು ಚುಕ್ಕೆ ಬಳಿಯಲು ಶುರು ಮಾಡಿದರು. ಅದು 1975. ಇವತ್ತು ರಾಮನಗರದ ಹುಡುಗರೂ ‘ರೆಡ್‌ಪಾಯಿಂಟ್ ಮಾಡಿದೆ’ ಅನ್ನುವುದು ಆ ಚುಕ್ಕೆಯಿಂದ ಬಂದದ್ದು. ಪಾಟಗೋನಿಯಾ, ಕರಾಕೋರಂ ಬಂಡೆಗಳನ್ನು ಹತ್ತಿ ಬಂದವರು ಅವರು. 2010ರ ಸೆಪ್ಟೆಂಬರಿನಲ್ಲಿ ಇದೇ ಹ್ಯೋಹೆನ್‌ಗ್ಲುಕ್‌ಸ್ಟೈಗ್‌ನಿಂದ ಬಿದ್ದು ತೀರಿಕೊಂಡರು. ವಯಸ್ಸು 56. ನಿನ್ನನ್ನು ಹೆದರಿಸೋಕೆ ಹೇಳ್ತಿಲ್ಲ. ‘ಹಿಡಿದುಕೊಂಡು ಹೋದರಾಯ್ತು’ ಅನ್ನುವ ಸ್ನೇಹಿತನಿಗೆ ಇದನ್ನು ಓದಿ ಹೇಳು.

ನಾನು ಪ್ರೌಢಶಾಲೆ ಶಿಕ್ಷಕ. ನಮ್ಮ ಶಾಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ಅದು ಹಲಗೆ ಹಲಗೆಯಾಗಿ ಏಳುತ್ತದೆ. ಅಲ್ಲಿಯ ಕಲ್ಲು ಮಾತ್ರ ಗೋಪುರದಂತೆ ನಿಂತು ತೂತು ಬೀಳೋದು ಯಾಕೆ? ಮಕ್ಕಳಿಗೆ ಹೇಳಬೇಕು.
*— ಕಲಬುರಗಿಯ ಓದುಗರು*

ಈ ಸಲದ ಪತ್ರಗಳಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದು ಸರ್. ನಿಮ್ಮ ಕಲ್ಲು ಇದಕ್ಕಿಂತ ಬಹಳ ಹಳೆಯದು. ಶಾಂತವಾದ ನೀರಿನ ತಳದಲ್ಲಿ ಸುಣ್ಣದ ಕೆಸರು ಪದರದ ಮೇಲೆ ಪದರ ಕೂತು ಗಟ್ಟಿಯಾದದ್ದು. ಅದಕ್ಕೇ ಪದರಗಳ ನಡುವೆ ಸುಲಭವಾಗಿ ಬಿಡುತ್ತದೆ, ಮನೆಗೆ ಹಾಸುಗಲ್ಲಾಗುತ್ತದೆ. ಇಲ್ಲಿ ಸುಮಾರು 15 ಕೋಟಿ ವರ್ಷದ ಹಿಂದೆ ಬೆಚ್ಚಗಿನ ಸಮುದ್ರ ಇತ್ತು. ಸಮುದ್ರದ ಸ್ಪಂಜುಗಳು ಮತ್ತು ಸೂಕ್ಷ್ಮಜೀವಿಗಳು ಸೇರಿ ದಿಬ್ಬ ದಿಬ್ಬವಾಗಿ ಬೆಳೆದವು. ದಿಬ್ಬಕ್ಕೆ ಪದರ ಇಲ್ಲ, ಇಡೀ ಮುದ್ದೆ ಒಂದೇ. ಆಮೇಲೆ ಅದರ ಎಷ್ಟೋ ಭಾಗಕ್ಕೆ ಮೆಗ್ನೀಷಿಯಂ ಸೇರಿ ಡಾಲಮೈಟ್ ಆಯಿತು. ಸುತ್ತಲಿನ ಪದರಗಲ್ಲು ಸವೆದು ಹೋಯಿತು, ದಿಬ್ಬಗಳು ನಿಂತವು. ಅವೇ ಈಗಿನ ಗೋಪುರಗಳು. ಟ್ಯೂಖರ್ಸ್‌ಫೆಲ್ಡ್ ಊರಿನಲ್ಲಿ ಅಂಥ ಗೋಪುರಗಳ ಸಂದಿಯಲ್ಲೇ ಮನೆ ಕಟ್ಟಿಕೊಂಡಿದ್ದಾರೆ.

ಮಳೆನೀರು ಗಾಳಿ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣವನ್ನು ಕರಗಿಸುತ್ತದೆ. ಕಲ್ಲು ಎಲ್ಲ ಕಡೆ ಒಂದೇ ಥರ ಇಲ್ಲವಲ್ಲ, ಬೇಗ ಕರಗುವ ಕಡೆ ತೂತು. ಚಿಕ್ಕದಾದರೆ ನಮ್ಮ ಬೆರಳಿಗೆ, ದೊಡ್ಡದಾದರೆ ಗುಹೆ. ಪೊಟ್ಟೆನ್‌ಸ್ಟೈನ್ ಹತ್ತಿರದ ಟಾಯ್‌ಫೆಲ್ಸ್‌ಹ್ಯೋಲೆಯಲ್ಲಿ ಗುಹಾಕರಡಿಯ ಪೂರ್ತಿ ಅಸ್ಥಿಪಂಜರ ನಿಲ್ಲಿಸಿದ್ದಾರೆ. ನೀರೆಲ್ಲ ಹೀಗೆ ಕೆಳಗಿಳಿದು ಹೋಗುವುದರಿಂದ ಮೇಲಿನ ಹಳ್ಳಿಗಳಲ್ಲಿ ಬಾವಿಗೆ ಗತಿ ಇರಲಿಲ್ಲ. ಗುಂಡಿಗೆ ಜೇಡಿ ಮೆತ್ತಿ ಮಳೆನೀರು ಹಿಡಿಯುತ್ತಿದ್ದರು. ಚಾರಣಿಗರಿಗೂ ಅದೇ ಪಾಠ. ಕಾಡು ಹಸಿರಾಗಿದೆ ಅಂತ ತೊರೆ ಸಿಗುತ್ತದೆ ಅಂದುಕೊಳ್ಳಬೇಡಿ, ನೀರು ಹೊತ್ತುಕೊಂಡೇ ಹೋಗಬೇಕು.

ಮಕ್ಕಳಿಗೆ ತೋರಿಸೋಕೆ ಜರ್ಮನಿ ಬೇಕಿಲ್ಲ. ಶಾಹಾಬಾದ್ ಕಲ್ಲಿನ ಚೂರನ್ನು ಸ್ವಲ್ಪ ಕೆರೆದು ಪುಡಿ ಎಬ್ಬಿಸಿ, ನಿಂಬೆರಸ ಹಿಂಡಿ. ಗುಳ್ಳೆ ಏಳುತ್ತದೆ. ಅಡುಗೆಮನೆ ನೆಲಕ್ಕೆ ಹುಳಿ ಚೆಲ್ಲಿದರೆ ಅಮ್ಮ ಯಾಕೆ ಬೈಯುತ್ತಾರೆ ಅಂತಲೂ ಮಕ್ಕಳಿಗೆ ಗೊತ್ತಾಗುತ್ತದೆ.

ಯಾಣವೂ ಸುಣ್ಣಕಲ್ಲೇ ಅಲ್ವಾ? ಅಲ್ಲಿ ಯಾಕೆ ಯಾರೂ ಹತ್ತೋದಿಲ್ಲ?
*— ಶಿರಸಿಯ ಓದುಗರು*

ಹೌದು, ಸುಣ್ಣಕಲ್ಲೇ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90. ಇಲ್ಲಿಯ ಬಂಡೆಗಳೆಲ್ಲ ಅದರ ಮುಂದೆ ಮಕ್ಕಳು. ಆದರೆ ಅದು ದೇವರ ಜಾಗ, ಹೆಜ್ಜೇನು ಬೇರೆ. ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ ಅಂತ ನಿಮ್ಮ ಕಡೆಯದೇ ಗಾದೆ. ಸೊಕ್ಕು ಅಲ್ಲಿಗೆ ನಡೆದು ಹೋಗುವಷ್ಟಕ್ಕೆ ಸಾಕು. ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬನ್ನಿ.

ಶುದ್ಧ ಸಸ್ಯಾಹಾರಿ. ಹಳ್ಳಿಗಳಲ್ಲಿ ಊಟ ಸಿಗುತ್ತಾ?
*— ಉಡುಪಿಯ ಓದುಗರು*

ಸಿಗುತ್ತದೆ, ಕಣ್ಣು ತೆರೆದುಕೊಂಡಿದ್ದರೆ. ಆಲೂಗಡ್ಡೆಯ ದೊಡ್ಡ ಉಂಡೆ, ಕ್ಲೋಸ್ ಅಂತಾರೆ, ನೋಡೋಕೆ ನಮ್ಮದೇ ಅಡುಗೆ ಅನ್ನಿಸುತ್ತದೆ. ಆದರೆ ಮೇಲೆ ಹಾಕುವ ಸಾರು ಮಾಂಸದ್ದು. ಕೇಸ್‌ಷ್ಪೆಟ್ಸ್‌ಲೆ ಕೇಳಿ, ಚೀಸ್ ಹಾಕಿದ ಶಾವಿಗೆಯಂಥದ್ದು. ‘ಮೇಲೆ ಹಂದಿ ಚೂರು ಬೇಡ’ ಅಂತ ಹೇಳಿಬಿಡಿ. ಕೇಕ್ ಎಲ್ಲ ಕಡೆ ಚೆನ್ನಾಗಿರುತ್ತದೆ. ಹೋಟೆಲುಗಳು ವಾರದಲ್ಲಿ ಒಂದೆರಡು ದಿನ ರಜೆ, ಹೆಚ್ಚಾಗಿ ಸೋಮವಾರ, ಮಂಗಳವಾರ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಎಷ್ಟೋ ಕಡೆ ಕಾರ್ಡ್ ನಡೆಯುವುದಿಲ್ಲ, ನೋಟು ಇಟ್ಟುಕೊಳ್ಳಿ. ನನ್ನ ಚೀಲದಲ್ಲಿ ಮಾತ್ರ ಚಪಾತಿ, ಚಟ್ನಿಪುಡಿ ಇದ್ದೇ ಇರುತ್ತದೆ. ಬಂಡೆಯ ಬುಡದಲ್ಲಿ ಡಬ್ಬಿ ತೆಗೆದರೆ ಪಕ್ಕದ ಗುಂಪಿನವರೂ ಮೂಗು ಅರಳಿಸುತ್ತಾರೆ.

ಮಗಳು ಬಾಂಬೆರ್ಗ್‌ನಲ್ಲಿ ಓದ್ತಾಳೆ, ವಾರವಾರ ಕಾಡು ಸುತ್ತುತ್ತಾಳೆ. ಅಲ್ಲೂ ಉಣುಗು ಇದೆಯಂತೆ, ನಿಜವಾ?
*— ಸೊರಬದ ಓದುಗರು*

ನಿಜ. ನಾನು ಸಾಗರದ ಕಡೆಯವಳು, ಉಣುಗಿನ ಭಯ ನಿಮಗೂ ನನಗೂ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದೇ ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಲ್ಲಿ ಉಣುಗಿನಿಂದ ಬರುವ ಮಿದುಳಿನ ಜ್ವರದ ವೈರಸ್ ಅದೇ ಕುಟುಂಬದ್ದು. ಬವೇರಿಯಾದ ಬಹುಭಾಗ ಅದರ ಅಪಾಯದ ಪ್ರದೇಶ. ಇದಕ್ಕೆ ಲಸಿಕೆ ಇದೆ, ಮೂರು ಚುಚ್ಚುಮದ್ದು. ಹಾಕಿಸಿಕೊಂಡಿದ್ದಾಳಾ ಅಂತ ಇವತ್ತೇ ಫೋನ್ ಮಾಡಿ ಕೇಳಿ.

ಲೈಮ್ ಅಂತ ಇನ್ನೊಂದು ಕಾಯಿಲೆಯೂ ಉಣುಗಿನಿಂದ ಬರುತ್ತದೆ. ಆ ಲಸಿಕೆ ಇದಕ್ಕೆ ನಾಟುವುದಿಲ್ಲ. ಕಚ್ಚಿದ ಕಡೆ ಕೆಲವು ದಿನದ ಮೇಲೆ ಕೆಂಪಗೆ ಉಂಗುರ ಹರಡಿದರೆ ಡಾಕ್ಟರ್ ಹತ್ತಿರ ಹೋಗಲಿ, ಆಂಟಿಬಯಾಟಿಕ್ ಕೊಡುತ್ತಾರೆ. ಬಂಡೆಯ ಬುಡಕ್ಕೆ ಹೋಗುವ ಹುಲ್ಲುದಾರಿಯಲ್ಲಿ ಉದ್ದ ಪ್ಯಾಂಟ್, ಅದರ ತುದಿ ಸಾಕ್ಸಿನೊಳಗೆ. ಮನೆಗೆ ಬಂದು ಸ್ನಾನ ಮಾಡುವಾಗ ಮಂಡಿಯ ಹಿಂದೆ, ತೊಡೆಸಂದಿ, ಕಂಕುಳು, ಕೂದಲಿನ ಅಂಚು ನೋಡಿಕೊಳ್ಳಲಿ. ಹಾರ್ನೆಸ್ ಹಾಕಿದ್ದರೆ ಸೊಂಟದ ಪಟ್ಟಿಯ ಕೆಳಗೂ ನೋಡಲಿ. ಸಿಕ್ಕರೆ ಚರ್ಮಕ್ಕೆ ತಾಗಿಸಿ ಚಿಮುಟದಲ್ಲಿ ಹಿಡಿದು ನೇರ ಎಳೆಯಬೇಕು. ಸೀಮೆಎಣ್ಣೆ, ಸುಣ್ಣ ಏನೂ ಹಚ್ಚಬಾರದು. ಚಿಮುಟ ಇಲ್ಲಿ ಔಷಧಿ ಅಂಗಡಿಯಲ್ಲೇ ಸಿಗುತ್ತದೆ, ಸೊರಬದಿಂದ ಕಳಿಸುವುದು ಬೇಡ.